ಮೂಡಲಿಗೆ ಅಜ್ಜಿ, ಪಡುವಲಿಗೆ ಅಪ್ಪ

ಒಂದು ಭಾನುವಾರ ಬೆಳಿಗ್ಗೆ ಮಗ ಪೇಪರಿನ ಪುರವಣಿ ಹಿಡಿದುಕೊಂಡು ಅಡುಗೆಮನೆಗೆ ಬಂದ. ಹೊರದೇಶಗಳಲ್ಲಿ ಜನ ಸಂಸಾರ ಸಮೇತ ಪಾರ್ಕುಗಳಿಗೆ ಹೋಗಿ, ಯಾರೋ ಬಚ್ಚಿಟ್ಟ ಡಬ್ಬಿಗಳನ್ನು ಹುಡುಕುವ ಆಟ ಆಡುತ್ತಾರಂತೆ. ಡಬ್ಬಿ ಇರುವ ಜಾಗವನ್ನು ಉಪಗ್ರಹದ ಲೆಕ್ಕದಲ್ಲಿ ಅಂಕಿಗಳಾಗಿ ಕೊಟ್ಟಿರುತ್ತಾರೆ. ಅಂಗೈಯಗಲದ ಯಂತ್ರ ಹಿಡಿದುಕೊಂಡು ಹೊರಟರೆ ಅದೇ ದಾರಿ ತೋರಿಸುತ್ತದೆ. ಸಿಕ್ಕಿದವರು ಒಳಗಿರುವ ಸಾಮಾನು ತಗೊಂಡು, ತಮ್ಮದೊಂದನ್ನು ಇಟ್ಟು ಬರಬೇಕು. ಜಿಯೊಕ್ಯಾಶಿಂಗ್ ಎಂದು ಹೆಸರು. ಮಗ ಇಷ್ಟನ್ನೂ ಗಟ್ಟಿಯಾಗಿ ಓದಿ, ಪೇಪರು ಮಡಿಸಿ ನನ್ನ ಮುಖ ನೋಡಿದ. ಹಜಾರದಲ್ಲಿ ಕಾಫಿ ಕುಡಿಯುತ್ತಿದ್ದ ನಮ್ಮ ಮನೆಯವರು ಲೋಟ ಅಲ್ಲೇ ಇಟ್ಟು ಹಿತ್ತಲಿಗೆ ಎದ್ದುಹೋದರು. ನನ್ನ ಒಗ್ಗರಣೆ ಸೀದು ಕರಿಯಾಯಿತು.

ಆ ಆಟ ನಮಗೆ ಹೊಸದಲ್ಲ. ಪೇಪರಿನವರು ಅದನ್ನು ಕಂಡುಹಿಡಿಯುವುದಕ್ಕೆ ಎಷ್ಟೋ ಮುಂಚೆ, ತೊಂಬತ್ತರ ದಶಕದಲ್ಲಿ, ಹೊಳೆನರಸೀಪುರದ ನಮ್ಮ ಮನೆಯ ಐದೂ ಜನ ಅದನ್ನು ಆಡುತ್ತಿದ್ದೆವು. ನಮಗೆ ಉಪಗ್ರಹ ಇರಲಿಲ್ಲ, ಚಕ್ಕುಬಂದಿ ಇತ್ತು.

ನಮ್ಮ ಮನೆಯವರು ಪತ್ರಬರಹಗಾರರು. ಸಬ್ ರಿಜಿಸ್ಟ್ರಾರ್ ಆಫೀಸಿನ ಎದುರು ಒಂದು ಮೇಜು, ಎರಡು ಬೆಂಚು, ಮೇಲೊಂದು ತಗಡಿನ ಮಾಡು. ಅವರ ತಾತನ ಕಾಲದಲ್ಲಿ ಮನೆಗೆ ಪೌರೋಹಿತ್ಯವಿತ್ತು. ಇವರ ಕಾಲಕ್ಕೆ ಹೆಣ್ಣು ಧಾರೆಯೆರೆಸುವ ಬದಲು ಜಮೀನು ಕೈಬದಲಾಯಿಸುವ ಕೆಲಸ ಬಂತು. ಕ್ರಯಪತ್ರ, ವಿಭಾಗಪತ್ರ ಬರೆದೂ ಬರೆದೂ ಮನೆಯಲ್ಲೂ ಅದೇ ಭಾಷೆ. ಊಟಕ್ಕೆ ಕೂತರೆ "ಸದರಿ ಹುಳಿಗೆ ಉಪ್ಪು ಬಿದ್ದಿಲ್ಲ" ಅನ್ನುವರು. "ಸದರಿ ಉಪ್ಪಿನ ಮರಿಗೆ ನಿಮ್ಮ ಕೈಯಳತೆಯಲ್ಲೇ ಇದೆ, ಹಾಕಿಕೊಳ್ಳಿ" ಎಂದು ನಾನೂ ಬಿಡುತ್ತಿರಲಿಲ್ಲ. ನಾನು ಪ್ರೈಮರಿ ಸ್ಕೂಲಿನ ಟೀಚರು. ದಿನವಿಡೀ ಮಕ್ಕಳ ಮೇಲೆ ಕೂಗಿ ಕೂಗಿ ಬಾಯಿ ಸ್ವಲ್ಪ ಜೋರಾಗಿದೆ, ಮೂಗಿನ ತುದಿಯ ಸಿಟ್ಟು ಮಾತ್ರ ಹುಟ್ಟಿನಿಂದಲೇ ಬಂದದ್ದು.

ಯಾವ ಪತ್ರದಲ್ಲಾದರೂ ಜಮೀನು ಎಲ್ಲಿದೆ ಎಂದು ತಿಳಿಸಲು ಅದರ ನಾಲ್ಕೂ ದಿಕ್ಕಿಗೆ ಏನೇನಿದೆ ಎಂದು ಬರೆಯುತ್ತಾರೆ. ಅದೇ ಚಕ್ಕುಬಂದಿ. ಹಳ್ಳಿಗಳಿಂದ ಬಂದವರು ಬೆಂಚಿನ ಮೇಲೆ ಕೂತು ಅದನ್ನು ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸುತ್ತಿದ್ದರು. "ಬರ್ಕಳಿ ಸಾ. ಮೂಡ್ಲಿಗೆ ನಮ್ಮಣ್ಣ, ಪಡ್ವಲಿಗೆ ಶಾನುಬೋಗ್ರು, ಬಡಗ್ಲಿಗೆ ಓಣಿ, ತೆಂಕ್ಲಿಗೆ ನಮ್ ಚಿಕ್ಕಪ್ಪ." ಅಣ್ಣ ಎಂದರೆ ಅಣ್ಣನ ಜಮೀನು, ಚಿಕ್ಕಪ್ಪ ಎಂದರೆ ಚಿಕ್ಕಪ್ಪನ ತೋಟ. ಕೇಳುವವರಿಗೆ ಗೊತ್ತಿರುವುದರಿಂದ ಯಾರೂ ಬಿಡಿಸಿ ಹೇಳುವುದಿಲ್ಲ.

ಆದರೆ ಸ್ಕೂಲು ಬಿಟ್ಟ ಮೇಲೆ ಅಪ್ಪನ ಮೇಜಿನ ಹತ್ತಿರ ಬಂದು ಕೂತು, ಕಾಲು ಆಡಿಸುತ್ತ ಇದನ್ನೆಲ್ಲ ಕೇಳುತ್ತಿದ್ದ ನನ್ನ ಮಗಳಿಗೆ ಅದು ಗೊತ್ತಿರಲಿಲ್ಲ. ಒಂದು ದಿನ ಊಟದ ಹೊತ್ತಿಗೆ ಕೇಳಿದಳು, "ಅಪ್ಪಾ, ಅವರಣ್ಣ ಮಳೆ ಬಂದ್ರೂ ಮೂಡ್ಲಲ್ಲೇ ನಿಂತಿರ್ತಾನಾ?" ಜಮೀನಿನ ನಾಲ್ಕೂ ಕಡೆ ನಾಲ್ಕು ಜನ ಕಾವಲು ನಿಂತಿರುತ್ತಾರೆ, ನಡುವೆ ಯಜಮಾನ ನಿಂತಿರುತ್ತಾನೆ ಎಂದು ಅವಳ ಲೆಕ್ಕ. ನಮ್ಮ ಮನೆಯವರು ನಕ್ಕೂ ನಕ್ಕೂ ಅನ್ನ ನೆತ್ತಿಗೇರಿಸಿಕೊಂಡರು. ಅತ್ತೆಯವರು ಮಾತ್ರ ಗಂಭೀರವಾಗಿ, "ನಿಂತಿರ್ತಾನೆ ಕಣೇ, ಛತ್ರಿ ಹಿಡ್ಕೊಂಡು" ಎಂದರು. ಅವರು ಮೊಮ್ಮಗಳನ್ನು ತಿದ್ದಿದ್ದು ನಾನು ಕಾಣೆ.

ಆಟ ಶುರುವಾದದ್ದು ಹಾಸನದ ದೊಡ್ಡ ಪಾರ್ಕಿನಲ್ಲಿ. ಉಯ್ಯಾಲೆಗೆ ಸರದಿ ಕಾದು ಬೇಜಾರಾದ ಮಕ್ಕಳು ಅಪ್ಪನ ತಲೆ ತಿನ್ನುತ್ತಿದ್ದರು. ಇವರು ಎಲೆಯಡಿಕೆಯ ಪುಟ್ಟ ಡಬ್ಬಿಯನ್ನು ಖಾಲಿ ಮಾಡಿ, ಅದರಲ್ಲೊಂದು ಪೆಪ್ಪರಮೆಂಟು ಹಾಕಿ, ಎಲ್ಲೋ ಇಟ್ಟು ಬಂದು ಕೈಕಟ್ಟಿ ನಿಂತರು. "ಮೂಡಲಿಗೆ ನಲ್ಲಿ, ಪಡುವಲಿಗೆ ಸಂಪಿಗೆ ಮರ, ಬಡಗಲಿಗೆ ಜಾರುಬಂಡೆ, ತೆಂಕಲಿಗೆ ಮುರಿದ ಬೆಂಚು. ಸದರಿ ಚಕ್ಕುಬಂದಿಗೆ ಒಳಪಟ್ಟ ಸ್ವತ್ತನ್ನು ಹುಡುಕತಕ್ಕದ್ದು." ಮಕ್ಕಳು ಕಲ್ಲಿನ ಸಂದು, ಬೇರಿನ ಪೊಟರೆ ಎಲ್ಲ ಜಾಲಾಡಿ ಡಬ್ಬಿ ಹಿಡಿದುಕೊಂಡು ಬಂದರು. ಆಮೇಲೆ ಯಾವ ಭಾನುವಾರವೂ ನಮಗೆ ಸುಮ್ಮನೆ ಕೂರುವ ಭಾಗ್ಯ ಇರಲಿಲ್ಲ.

ನಿಯಮಗಳು ಒಂದೊಂದೇ ಹುಟ್ಟಿಕೊಂಡವು. ಬಚ್ಚಿಡುವಾಗ ಉಳಿದವರು ಕಣ್ಣು ಮುಚ್ಚಿರಬೇಕು. ಚಕ್ಕುಬಂದಿ ಬರೆದು ಕೊಡುವ ಹಾಗಿಲ್ಲ, ಬಾಯಲ್ಲೇ ಒಪ್ಪಿಸಬೇಕು. ಒಳಗೇನಿದೆಯೋ ಅದು ಸಿಕ್ಕಿದವರ ಪಾಲು, ಏನೇ ಇದ್ದರೂ ಬೇಡ ಅನ್ನುವ ಹಾಗಿಲ್ಲ. ಅರಕಲಗೂಡಿನ ನನ್ನ ತವರಿಗೆ ಹೋದಾಗ ಅಲ್ಲಿನ ಪುಟ್ಟ ಪಾರ್ಕಿನಲ್ಲಿ ಆಡಿದೆವು. ಬಡಗಲಿಗೆ ಕಟ್ಟಿಹಾಕಿದ ಹಸು ಎಂದು ಮಗ ಹೇಳಿದ. ಹಸುವಿನ ಯಜಮಾನ ಬಂದು ಹಗ್ಗ ಬಿಚ್ಚಿಕೊಂಡು ಹೋದ, ಇಟ್ಟವನಿಗೂ ಗುರುತು ತಪ್ಪಿತು, ಡಬ್ಬಿಯ ಆಸೆ ಬಿಟ್ಟೆವು. ಚನ್ನರಾಯಪಟ್ಟಣದಲ್ಲಿ ನಾದಿನಿಯ ಮನೆಗೆ ಹೋದಾಗ ಕೆರೆ ಏರಿಯ ಕೆಳಗೆ ಆಡಿದೆವು. ಅಲ್ಲಿ ನಾನು ಇಟ್ಟ ಡಬ್ಬಿ ನನಗೇ ಸಿಗಲಿಲ್ಲ. "ಟೀಚರಮ್ಮನಿಗೆ ದಿಕ್ಕೇ ಗೊತ್ತಿಲ್ಲ" ಎಂದು ಮನೆಯವರು ನಾದಿನಿಯ ಎದುರು ಆಡಿಕೊಂಡರು. ಮೂರು ದಿನ ಅವರಿಗೆ ಒಣ ಚಪಾತಿ ಬಡಿಸಿದೆ.

ಮಕ್ಕಳಿಗೆ ಒಬ್ಬೊಬ್ಬರಿಗೆ ಒಂದೊಂದು ಡಬ್ಬಿ. ಮಗನದು ಹಳೆಯ ಜಾಮಿಟ್ರಿ ಬಾಕ್ಸು. ಮಗಳದು ಅಜ್ಜಿಯ ನಶ್ಯದ ಡಬ್ಬಿ. ಅತ್ತೆಯವರು ಮಡಿ ಹೆಂಗಸು. ಒದ್ದೆ ಸೀರೆ ಉಟ್ಟು ಅಡುಗೆ ಮಾಡಿಕೊಂಡು, ಇನ್ನೊಬ್ಬರು ಮುಟ್ಟಿದ ನೀರು ಕುಡಿಯದೆ, ಎಂಜಲು ಮುಸುರೆ ಎಂದರೆ ಮಾರುದೂರ ಹಾರುವವರು. ಆದರೆ ನಶ್ಯ ಬಿಡಲಾರರು. ಖಾಲಿಯಾದ ಡಬ್ಬಿಯೊಂದನ್ನು ಮೊಮ್ಮಗಳು ಗಿಟ್ಟಿಸಿಕೊಂಡು, ಅದರ ಬುಡದಲ್ಲಿ ಕೈವಾರದ ಮುಳ್ಳಿನಿಂದ ಒಂದು ಹೂವು ಗೀಚಿದ್ದಳು. ಎಷ್ಟು ತೊಳೆದರೂ ಘಾಟು ಹೋಗಲಿಲ್ಲ. ಆ ಡಬ್ಬಿ ಸಿಕ್ಕಿದವರು ಮುಚ್ಚಳ ತೆಗೆದು ಸೀನುವುದನ್ನು ನೋಡುವುದೇ ಅವಳಿಗೆ ಆಟದಲ್ಲಿ ಅರ್ಧ ಖುಷಿ.

ಕೊನೆಯ ಭಾನುವಾರ ನನಗೆ ಚೆನ್ನಾಗಿ ನೆನಪಿದೆ. ಅವಳಿಗೆ ಎಂಟು ತುಂಬಿತ್ತು, ಅಣ್ಣ ಅವಳಿಗಿಂತ ಸ್ವಲ್ಪ ದೊಡ್ಡವನು. ಜೇಬು ಬೇಕೇ ಬೇಕು ಎಂದು ಹಠ ಹಿಡಿದು ನನ್ನ ಕೈಲಿ ಹೊಲಿಸಿಕೊಂಡಿದ್ದ ಹಳದಿ ಫ್ರಾಕು ಹಾಕಿದ್ದಳು. ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಕಡ್ಲೆಮಿಠಾಯಿ ಕೊಂಡು, ಪಾರ್ಕಿಗೆ ಹೋಗಿ, ಕಟ್ಟಿಕೊಂಡು ಹೋಗಿದ್ದ ಚಿತ್ರಾನ್ನ ತಿಂದೆವು. ಅತ್ತೆಯವರು ಮನೆಯಿಂದ ತಂದ ಬಾಳೆಹಣ್ಣು ಬಿಟ್ಟು ಬೇರೇನೂ ಮುಟ್ಟದೆ ಮರದ ಕೆಳಗೆ ಕೂತರು. ಮನೆಯವರು ಹುಲ್ಲಿನ ಮೇಲೆ ಉದ್ದಕ್ಕೆ ಮಲಗಿ ಮುಖದ ಮೇಲೆ ಟವೆಲ್ ಹಾಕಿಕೊಂಡರು. ನಾನು ನಲ್ಲಿಯ ಹತ್ತಿರ ಚಿತ್ರಾನ್ನದ ಡಬ್ಬ ತೊಳೆಯುತ್ತಿದ್ದೆ. ಮಗ ಒಂದು ಬೆಂಚಿನ ಮೇಲೆ ಮಂಡಿ ಮೇಲಿನ ಗಾಯದ ಹಕ್ಕಳೆ ಕೀಳುತ್ತಿದ್ದ.

"ಯಾರೂ ಏಳ್ಬೇಡಿ," ಎಂದು ಅವಳು ಕೂಗಿದಳು. "ಎಲ್ಲಿದೀರೋ ಅಲ್ಲೇ ಕಣ್ಣು ಮುಚ್ಕೊಳಿ."

ಮುಚ್ಚಿಕೊಂಡೆವು. ಸ್ವಲ್ಪ ಹೊತ್ತು ಅವಳ ಚಪ್ಪಲಿಯ ಸದ್ದು ಅತ್ತಿತ್ತ ಓಡಾಡಿತು. ಕಣ್ಣು ಬಿಡಿ ಎಂದಾಗ ನಮ್ಮೆಲ್ಲರ ನಡುವೆ, ಎರಡೂ ಕೈ ಜೇಬಿಗೆ ಹಾಕಿಕೊಂಡು, ಪತ್ರಕ್ಕೆ ರುಜು ಹಾಕಲು ಬಂದ ಯಜಮಾನನ ಹಾಗೆ ನಿಂತಿದ್ದಳು.

"ಮೂಡಲಿಗೆ ಅಜ್ಜಿ, ಪಡುವಲಿಗೆ ಅಪ್ಪ, ಬಡಗಲಿಗೆ ಅಮ್ಮ, ತೆಂಕಲಿಗೆ ಅಣ್ಣ. ಮಧ್ಯೆ ಸದರಿ ಸ್ವತ್ತು."

ಎಲ್ಲರೂ ನಗುತ್ತ ಎದ್ದು ಹುಡುಕಲು ಶುರುಮಾಡಿದೆವು. ಎದ್ದ ಕೂಡಲೇ ತೊಂದರೆ ಗೊತ್ತಾಯಿತು. ಗಡಿಗಳೆಲ್ಲ ಎದ್ದು ಓಡಾಡುತ್ತಿದ್ದವು. ನಮ್ಮ ಮನೆಯವರು ಎಲ್ಲಿ ಮಲಗಿದ್ದರೆಂದು ಅವರಿಗೇ ಸರಿಯಾಗಿ ಗೊತ್ತಿರಲಿಲ್ಲ. "ಈ ಚಕ್ಕುಬಂದಿ ರಿಜಿಸ್ಟರ್ ಆಗಲ್ಲ ಕಣಮ್ಮ, ಮನುಷ್ಯರನ್ನ ಗಡಿ ಮಾಡೋ ಹಾಗಿಲ್ಲ" ಎಂದರು. "ನಿಮ್ಮ ಹತ್ರ ಬರೋವ್ರೆಲ್ಲ ಮಾಡ್ತಾರಲ್ಲ" ಎಂದು ಅವಳು ವಾದಿಸಿದಳು. ಪೊದೆ, ಪೊಟರೆ, ಕಲ್ಲುಹಾಸಿನ ಸಂದು, ಎಲ್ಲ ಕೆದಕಿದೆವು. ಅವಳು ನಡುವೆ ನಿಂತಲ್ಲೇ ನಿಂತು ಕುಣಿಯುತ್ತ ನಗುತ್ತಿದ್ದಳು. ಅಷ್ಟರಲ್ಲಿ ಕಾವಲಿನವನು ಗೇಟು ಮುಚ್ಚುವ ಸೀಟಿ ಊದಿದ. ಎಲ್ಲಿದೆ ಹೇಳು ಎಂದರೆ ಬಾಯಿ ಬಿಡಲಿಲ್ಲ. "ಮುಂದಿನ ಭಾನುವಾರ ಬಂದು ಎಲ್ರೂ ಇದ್ದಲ್ಲೇ ಕೂತ್ಕೊಳಿ. ಆಗ ತೋರಿಸ್ತೀನಿ."

ವಾಪಸು ಬರುವಾಗ ಬಸ್ಸಿನಲ್ಲೇ ಮೈ ಬಿಸಿಯಾಯಿತು. ಬಿಸಿಲಿನಲ್ಲಿ ಕುಣಿದದ್ದಕ್ಕೆ ಎಂದುಕೊಂಡೆ. ಹೊಳೆನರಸೀಪುರ ಬರುವವರೆಗೂ ನನ್ನ ಮಡಿಲಲ್ಲಿ ಮುದುರಿಕೊಂಡು ಮಲಗಿದ್ದಳು. ಮನೆಗೆ ಬಂದು ಫ್ರಾಕು ಬಿಚ್ಚಿ ಬಚ್ಚಲಿನ ಮೂಲೆಗೆ ಎಸೆದು, ಬೇರೆ ಬಟ್ಟೆ ಹಾಕಿ, ಕಷಾಯ ಕುಡಿಸಿದೆ. ಮಾರನೆಯ ದಿನ ನಮ್ಮೂರಿನ ಡಾಕ್ಟರು ನೋಡಿ ಹಾಸನಕ್ಕೆ ಕರೆದುಕೊಂಡು ಹೋಗಿ ಎಂದರು. ಜ್ವರ ಮೆದುಳಿಗೆ ಏರಿತ್ತು. ಎಚ್ಚರವಿದ್ದಾಗ ಅಣ್ಣನನ್ನು ಹತ್ತಿರ ಕರೆದು, "ಸಿಕ್ತಾ?" ಎಂದು ಕೇಳಿದಳು. ಇಲ್ಲ ಎಂದ. "ದಡ್ಡ" ಎಂದು ನಕ್ಕಳು. ಅವಳು ನಮ್ಮ ಜೊತೆ ಆಡಿದ ಕೊನೆಯ ಮಾತು ಅದೇ. ಭಾನುವಾರ ಬರುವ ಮುಂಚೆ ಹೋಗಿಬಿಟ್ಟಳು.

ಅದರ ಮೇಲೆ ಏನು ಬರೆಯಲಿ. ಮಗು ಸತ್ತ ಮನೆಯಲ್ಲೂ ಹಾಲು ಕಾಯಿಸಬೇಕು, ಉಳಿದ ಮಗುವಿಗೆ ತಲೆ ಬಾಚಬೇಕು. ನಾನು ಸ್ಕೂಲಿಗೆ ಹೋದೆ. ಮೂರನೆಯ ಕ್ಲಾಸಿನ ಹಾಜರಿ ಕೂಗುವಾಗ ಅವಳ ಹೆಸರಿನ ಇನ್ನೊಂದು ಹುಡುಗಿ "ಹಾಜರ್ ಮಿಸ್" ಅನ್ನುತ್ತಿತ್ತು, ದಿನವೂ ಅದನ್ನು ಕೇಳಿಸಿಕೊಂಡೆ.

ಮನೆಯವರು ಬೇರೆ ದಾರಿ ಹಿಡಿದರು. ಕೆಲಸಕ್ಕೆ ಹಾಸನದ ಆಫೀಸಿಗೆ ಹೋಗಬೇಕಾದಾಗಲೆಲ್ಲ ಸಾಯಂಕಾಲ ತಡವಾಗಿ ಬರುವರು. ಪಂಚೆಯ ಮಂಡಿಯ ಹತ್ತಿರ ಹಸಿರು ಕಲೆ, ಉಗುರಿನಲ್ಲಿ ಮಣ್ಣು. ಪಾರ್ಕಿಗೆ ಹೋಗಿ ಆ ಡಬ್ಬಿ ಹುಡುಕಿ ಬರುತ್ತಿದ್ದರು. ಹಾಗೆ ಬಂದ ದಿನ ಮಾತ್ರ ಎರಡು ತುತ್ತು ಹೆಚ್ಚಿಗೆ ಉಣ್ಣುವರು. ಮುಂದಿನ ಸಲ ಸಿಗುತ್ತದೆ ಎಂಬ ಆಸೆ ಇರುತ್ತಿತ್ತು. ಯಾರ ಜಮೀನಾದರೂ ಚಕ್ಕುಬಂದಿ ಕೇಳಿಯೇ ಗುರುತು ಹಿಡಿಯುವ ಮನುಷ್ಯ, ಮಗಳು ಹೇಳಿದ್ದನ್ನು ಹಿಡಿಯಲಾರದೆ ವರ್ಷಗಟ್ಟಲೆ ಆ ಹುಲ್ಲಿನಲ್ಲಿ ತೆವಳಿದರು.

ನನಗೂ ಆ ಡಬ್ಬಿ ಬೇಕಿತ್ತು. ಅವಳು ನಮಗಾಗಿ ಒಂದು ಸಾಮಾನು ಇಟ್ಟು ಹೋಗಿದ್ದಾಳೆ, ನಾವು ಹೋಗಿ ತಗೊಂಡಿಲ್ಲ ಎನ್ನುವುದು ಗಂಟಲಿಗೆ ಸಿಕ್ಕಿಕೊಂಡ ಮುಳ್ಳಿನ ಹಾಗಿತ್ತು. ಅವಳು ಹೇಳಿದ ಉಪಾಯವೂ ನೆನಪಿತ್ತು. ನಾಲ್ಕೂ ಜನ ಅವತ್ತು ಇದ್ದ ಕಡೆ ಕೂತರೆ ನಡುವಿನ ಜಾಗ ತಾನಾಗಿ ಗೊತ್ತಾಗುತ್ತದೆ. ನಾವು ಮೂವರೂ ತಯಾರು. ಅತ್ತೆಯವರು ಮಾತ್ರ ಒಪ್ಪಲಿಲ್ಲ.

"ಆ ಪಾರ್ಕಿಗೆ ನಾನು ಕಾಲಿಡಲ್ಲ," ಎನ್ನುವರು. ಯಾಕೆ ಎಂದರೆ ನಶ್ಯ ಏರಿಸಿಕೊಂಡು ಗೋಡೆ ನೋಡುವರು. ಗಂಡ ಬೇಡಿಕೊಂಡರು, ನಾನು ಬೇಡಿಕೊಂಡೆ, ಜಗಳವನ್ನೂ ಆಡಿದೆ. "ನಿಮ್ಮ ಮಗ ಅಲ್ಲಿ ನೆಲ ಕೆರೀತಾರೆ, ನಿಮಗೆ ಇಲ್ಲಿ ಕೂತು ಮೂಗಿಗೆ ಏರಿಸೋದು ಬೇಕು" ಎಂದು ಒಂದು ದಿನ ಅಂದೇಬಿಟ್ಟೆ. ಅವರು ನಶ್ಯದ ಡಬ್ಬಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದುಹೋದರು. ಮುದುಕಿಯ ಎದೆ ಕಲ್ಲು ಎಂದು ತೀರ್ಮಾನಿಸಿದೆ. ಒಂದೇ ಸೂರಿನ ಕೆಳಗೆ ಬೇಕಾದಷ್ಟಕ್ಕೆ ಮಾತ್ರ ಮಾತಾಡಿಕೊಂಡು ಹೊಸ ಶತಮಾನಕ್ಕೆ ಬಂದೆವು.

ಮಗ ಪೇಪರು ಓದಿದ್ದು ಆ ಕಾಲಕ್ಕೆ. ಅವನಾಗ ಹಾಸನದ ಕಾಲೇಜಿಗೆ ಬಸ್ಸಿನಲ್ಲಿ ಓಡಾಡುತ್ತಿದ್ದ. ಅವತ್ತೇ ಅವನು ಇನ್ನೊಂದು ಸುದ್ದಿಯನ್ನೂ ಹೇಳಿದ. ಪಾರ್ಕನ್ನು ಹೊಸದಾಗಿ ಮಾಡುತ್ತಾರಂತೆ. ಓಡಾಡಲು ಸಿಮೆಂಟಿನ ದಾರಿ, ನಡುವೆ ಕಾರಂಜಿ. ನೆಲ ಅಗೆಯುವ ಜೆಸಿಬಿ ಬಂದು ಗೇಟಿನ ಹತ್ತಿರ ನಿಂತಿದೆ.

ಹಿತ್ತಲಿಗೆ ಹೋಗಿದ್ದ ಮನೆಯವರು ಇದನ್ನು ಕೇಳಿ ಒಳಗೆ ಬಂದು ನೇರ ಅಮ್ಮನ ಮುಂದೆ ನೆಲದ ಮೇಲೆ ಕೂತರು. ಅತ್ತೆಯವರಿಗೆ ಆಗಲೇ ಸೊಂಟ ಬಗ್ಗಿತ್ತು, ಕಿವಿ ಮಂದವಾಗಿತ್ತು. ಇವರು ಗಟ್ಟಿಯಾಗಿ ಹೇಳಿದರು, "ಅಮ್ಮಾ, ಇದೊಂದ್ಸಲ ಬಾ. ಅಗೆದುಬಿಟ್ರೆ ಮುಗೀತು. ನೀನು ಹೋದ್ಮೇಲೆ ಮೂಡಲ ಗಡಿ ನಂಗೆ ಯಾರು ತೋರಿಸ್ತಾರೆ?"

ಹೆತ್ತ ತಾಯಿಗೆ ಹಾಗೆ ಹೇಳುವುದೇ ಎಂದು ನನಗೇ ಕಸಿವಿಸಿಯಾಯಿತು. ಅತ್ತೆಯವರು ಮಗನ ಮುಖವನ್ನೇ ನೋಡಿದರು. ತಲೆ ಪೂರ್ತಿ ಬೆಳ್ಳಗಾಗಿದ್ದ ಮಗ. "ಆಯ್ತು, ನಡಿ" ಎಂದರು.

ಮಧ್ಯಾಹ್ನದ ಬಸ್ಸಿಗೆ ಹೋದೆವು. ನಾನು ಚಿತ್ರಾನ್ನ ಕಟ್ಟಿಕೊಳ್ಳಲಿಲ್ಲ, ಕೈ ಬರಲಿಲ್ಲ. ಪಾರ್ಕಿನ ಒಂದು ಬದಿಯಲ್ಲಿ ಜಲ್ಲಿ ರಾಶಿ ಬಿದ್ದಿತ್ತು, ನಮ್ಮ ಕಡೆಯ ಹುಲ್ಲು ಇನ್ನೂ ಹಾಗೇ ಇತ್ತು. ಅತ್ತೆಯವರು ಮೊಮ್ಮಗನ ಕೈ ಹಿಡಿದು ನಿಧಾನಕ್ಕೆ ನಡೆದು, ಯಾರನ್ನೂ ಕೇಳದೆ ಒಂದು ಮರದ ಬುಡಕ್ಕೆ ಹೋಗಿ ಬೇರಿನ ಮೇಲೆ ಕೂತರು. ಅಷ್ಟು ವರ್ಷದ ಮೇಲೂ ಅವರಿಗೆ ಒಂದಿಷ್ಟೂ ಅನುಮಾನ ಇರಲಿಲ್ಲ. ನಾನು ನಲ್ಲಿಯ ಹತ್ತಿರ ಕುಕ್ಕರಗಾಲಲ್ಲಿ ಕೂತೆ. ಮಗ ಬೆಂಚು ಹುಡುಕಿದ. ಬೆಂಚು ಇರಲಿಲ್ಲ, ಅದರ ಎರಡು ಕಲ್ಲಿನ ಕಾಲು ಮಾತ್ರ ಉಳಿದಿದ್ದವು. ಅವುಗಳ ನಡುವೆ ಕೂತ.

ಮನೆಯವರು ಎಲ್ಲಿ ಮಲಗಿದ್ದರೆಂದು ಗೊತ್ತುಮಾಡುವುದೇ ಕಷ್ಟವಾಯಿತು. ಅತ್ತೆಯವರೇ ಕೈ ಮಾಡಿ ತೋರಿಸಿದರು. "ಇನ್ನೂ ಸ್ವಲ್ಪ ಆಚೆ. ಹಾಂ, ಅಲ್ಲೇ. ಕಾಲು ಈ ಕಡೆಗಿತ್ತು." ಇವರು ಆ ವಯಸ್ಸಿನಲ್ಲಿ ಹುಲ್ಲಿನ ಮೇಲೆ ಮಲಗಿ, ಟವೆಲ್ ಮುಖದ ಮೇಲೆ ಹಾಕಿಕೊಂಡರು. ಓಡಾಡುತ್ತಿದ್ದವರು ನಮ್ಮನ್ನು ಹುಚ್ಚರೆಂದುಕೊಂಡಿರಬೇಕು. ಆಮೇಲೆ ಎದ್ದು, ನಾಲ್ಕೂ ಕಡೆ ನೋಡಿ ಅಳೆದು, ನಡುವಿನ ಜಾಗಕ್ಕೆ ಹೋಗಿ ನಿಂತರು.

ಅಲ್ಲಿ ಏನೂ ಇರಲಿಲ್ಲ. ಪೊದೆಯಿಲ್ಲ, ಕಲ್ಲಿಲ್ಲ, ಮರವಿಲ್ಲ. ಬರೀ ಬಯಲು ಹುಲ್ಲು. ಒಂದು ಗುಂಡುಸೂಜಿ ಬಚ್ಚಿಡುವುದಕ್ಕೂ ಮರೆ ಇರಲಿಲ್ಲ. ಇವರು ಮಂಡಿಯೂರಿ, ಮನೆಯಿಂದ ತಂದಿದ್ದ ಕುಡುಗೋಲಿನ ತುದಿಯಿಂದ ಹುಲ್ಲು ಕಿತ್ತು ನೆಲ ಅಗೆಯತೊಡಗಿದರು. "ಹೂತಿಟ್ಟಿರ್ತಾಳೆ," ಎಂದು ತಮಗೆ ತಾವೇ ಹೇಳಿಕೊಂಡರು. ಒಂದು ಕಡೆ ಅಗೆದು, ಪಕ್ಕದಲ್ಲಿ ಅಗೆದು, ಕೈಯಿಂದ ಮಣ್ಣು ಬಗೆದರು. ಮಗ ಕೂತಲ್ಲಿಂದ "ಅಪ್ಪಾ, ಸಾಕು" ಎಂದ. ಅವರು ಕೇಳಲಿಲ್ಲ.

"ಬಿಡೋ," ಎಂದರು ಅತ್ತೆ. ಅವರ ಧ್ವನಿ ಅಷ್ಟು ಗಟ್ಟಿಯಾಗಿ ಕೇಳಿ ಎಷ್ಟೋ ವರ್ಷವಾಗಿತ್ತು. "ಅಲ್ಲಿ ಏನೂ ಇಟ್ಟಿಲ್ಲ ಅವಳು. ಅಲ್ಲಿ ಅವಳೇ ನಿಂತಿದ್ದಳು. ಡಬ್ಬಿ ಅವಳ ಜೇಬಲ್ಲೇ ಇತ್ತು ಕಣೋ."

ಮನೆಯವರು ಕುಡುಗೋಲು ಹಿಡಿದ ಹಾಗೇ ಅಮ್ಮನನ್ನು ನೋಡಿದರು. ಅತ್ತೆಯವರು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ನಶ್ಯದ ಡಬ್ಬಿ ತೆಗೆದು, ತಲೆಕೆಳಗು ಮಾಡಿ ನಮಗೆಲ್ಲ ಕಾಣುವ ಹಾಗೆ ಎತ್ತಿ ಹಿಡಿದರು. ಬುಡದಲ್ಲಿ ಸವೆದು ಸವೆದು ಉಳಿದಿದ್ದ ಒಂದು ಹೂವು ಇತ್ತು. ಇಷ್ಟು ವರ್ಷ ನಮ್ಮ ಕಣ್ಣೆದುರೇ ಅದರಿಂದ ನಶ್ಯ ತೆಗೆದು ಏರಿಸಿಕೊಳ್ಳುತ್ತಿದ್ದರು. ಮಡಿ ಹೆಂಗಸಿನ ನಶ್ಯದ ಡಬ್ಬಿಯನ್ನು ಯಾರು ಕೈಯಲ್ಲಿ ಹಿಡಿದು ತಿರುಗಿಸಿ ನೋಡುತ್ತಾರೆ.

ಅವರು ನಿಧಾನವಾಗಿ ಹೇಳಿದರು. ಮಗು ಹೋದ ಮಾರನೆಯ ದಿನ ಬಚ್ಚಲಿನಲ್ಲಿ ಬಟ್ಟೆ ರಾಶಿ ಬಿದ್ದಿತ್ತು. ಒಗೆಯಲು ಯಾರೂ ಎದ್ದಿರಲಿಲ್ಲ. ಅತ್ತೆಯವರೇ ಕೂತರು. ಹಳದಿ ಫ್ರಾಕು ಕಲ್ಲಿಗೆ ಬಡಿದಾಗ ಠಣ್ ಎಂದಿತು.

ನನಗೆ ತಡೆಯಲಾಗದಷ್ಟು ಸಿಟ್ಟು ಬಂತು. "ಯಾಕೆ ಹೇಳ್ಲಿಲ್ಲ ನೀವು? ಇವರು ಇಷ್ಟು ವರ್ಷ ಇಲ್ಲಿ ಮಣ್ಣು ಕೆರೆದರಲ್ಲ, ಒಂದು ಮಾತು ಹೇಳೋಕೆ ಆಗ್ಲಿಲ್ವಾ?"

"ಹೇಳಿಬಿಟ್ಟಿದ್ರೆ ಇವನು ಏನು ಹುಡುಕ್ತಿದ್ದ, ಹೇಳು," ಎಂದರು. "ಹುಡುಕಿಕೊಂಡು ಬಂದ ದಿನ ಇವನು ಊಟ ಮಾಡ್ತಿದ್ದ. ನೀನೇ ಬಡಿಸ್ತಿದ್ದೆಯಲ್ಲೇ. ನೋಡಿಲ್ವಾ ನೀನು?"

ನೋಡಿದ್ದೆ. ಅವತ್ತಿನ ಭಾನುವಾರ ಕಣ್ಣೆದುರು ಬಂತು. ನಾವು ಪಾರ್ಕೆಲ್ಲ ಜಾಲಾಡಿದ್ದೆವು, ಮರ ಗಿಡ ಕಲ್ಲು ಎಲ್ಲ ಮುಟ್ಟಿದ್ದೆವು. ನಡುವೆ ಕೈ ಜೇಬಿಗೆ ಹಾಕಿಕೊಂಡು ಕುಣಿಯುತ್ತಿದ್ದ ಅವಳನ್ನು ಮಾತ್ರ ಯಾರೂ ಹೋಗಿ ಹಿಡಿದುಕೊಳ್ಳಲಿಲ್ಲ. ಅದಕ್ಕೇ ಕಾಯುತ್ತಿದ್ದಳೇನೋ. ಬಸ್ಸಿನಲ್ಲಿ ಅವಳು ನನ್ನ ಮಡಿಲಲ್ಲಿ ಮಲಗಿದ್ದಾಗ ಆ ಡಬ್ಬಿ ಅವಳ ಹೊಟ್ಟೆಗೂ ನನ್ನ ತೊಡೆಗೂ ನಡುವೆ ಇದ್ದಿರಬೇಕು. ನನಗೆ ಗೊತ್ತೇ ಆಗಲಿಲ್ಲ.

ಮನೆಯವರು ಮಣ್ಣಿನ ಕೈ ಒರೆಸಿಕೊಳ್ಳದೆ ಗಟ್ಟಿಯಾಗಿ ಕೇಳಿದರು, "ಒಳಗೆ ಏನಿತ್ತಮ್ಮ?"

"ಕಡ್ಲೆಮಿಠಾಯಿ. ಅವಳೇ ಅರ್ಧ ತಿಂದಿದ್ದು. ಹಲ್ಲಿನ ಗುರುತು ಹಾಗೇ ಇತ್ತು. ಇರುವೆ ಹತ್ತಿತ್ತು." ಡಬ್ಬಿಯ ಬುಡದ ಹೂವನ್ನು ಹೆಬ್ಬೆರಳಿನಿಂದ ಸವರಿದರು. "ಸಿಕ್ಕಿದವರು ಬೇಡ ಅನ್ನೋ ಹಾಗಿಲ್ಲ ಅಂತಲ್ವಾ ನಿಮ್ಮ ಆಟ. ಇರುವೆ ಕೊಡವಿ ಬಾಯಿಗೆ ಹಾಕ್ಕೊಂಡೆ."

ಸೂತಕದ ಮನೆಯಲ್ಲಿ, ಬಚ್ಚಲ ಕಲ್ಲಿನ ಮೇಲೆ ಒದ್ದೆ ಬಟ್ಟೆಗಳ ನಡುವೆ ಕೂತು, ಹುಟ್ಟಿದಾಗಿನಿಂದ ಯಾರ ಎಂಜಲನ್ನೂ ಮುಟ್ಟದ ಆ ಹೆಂಗಸು ಅದನ್ನು ತಿಂದಿದ್ದರು. ಅವರ ಎದೆಯನ್ನೇ ನಾನು ಕಲ್ಲು ಎಂದು ತೀರ್ಮಾನಿಸಿದ್ದು. ಅಲ್ಲೇ ನಲ್ಲಿಯ ಹತ್ತಿರ ಸೆರಗು ಬಾಯಿಗೆ ಒತ್ತಿಕೊಂಡು ನಾನು ಅತ್ತುಬಿಟ್ಟೆ. ಮಗ ತಲೆ ತಗ್ಗಿಸಿದ್ದ, ಅವನ ಭುಜ ಅಲುಗುತ್ತಿದ್ದುದು ನನಗೆ ಕಾಣುತ್ತಿತ್ತು.

ಮನೆಯವರು ಕುಡುಗೋಲು ಕೆಳಗಿಟ್ಟು ಕೇಳಿದರು, "ಸಿಹಿ ಇತ್ತೇನಮ್ಮ?"

"ನಶ್ಯದ ಘಾಟು," ಎಂದರು ಅತ್ತೆ. "ಕಣ್ಣಲ್ಲಿ ನೀರು ಬಂತು. ಸಿಹಿಯೂ ಇತ್ತು ಕಣೋ."

ಇವರು ಅಗೆದ ಮಣ್ಣನ್ನೆಲ್ಲ ಗುಂಡಿಗೆ ತುಂಬಿ, ಕಿತ್ತ ಹುಲ್ಲನ್ನು ಮೇಲೆ ಇಟ್ಟು ಅಂಗೈಯಿಂದ ತಟ್ಟಿದರು. ಎದ್ದು ಹೋಗಿ ಪಡುವಲಲ್ಲಿ ತಮ್ಮ ಜಾಗದಲ್ಲೇ ಕೂತರು. ಜೆಸಿಬಿಯ ನೆರಳು ಉದ್ದವಾಯಿತು. ಉಯ್ಯಾಲೆಯ ಮಕ್ಕಳು ಮನೆಗೆ ಹೊರಟರು. ಕಾವಲಿನವನು ಸೀಟಿ ಊದಿದ, ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ಊದಿದ. ನಾವು ನಾಲ್ಕೂ ಜನ ನಾಲ್ಕು ಕಡೆ ಕೂತೇ ಇದ್ದೆವು. ಎದ್ದರೆ ಗಡಿ ಹೋಗುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು, ಮೊದಲು ಏಳುವುದಕ್ಕೆ ಯಾರಿಗೂ ಮನಸ್ಸು ಬರಲಿಲ್ಲ.